ಕಳೆದ ವಾರವನ್ನೂ ಕಳೆದುಬಿಟ್ಟ ಹುಡುಗ

ಮೂರನೇ ತರಗತಿಯ ಹುಡುಗನೊಬ್ಬನ ನೋಟ್‌ಬುಕ್ಕಿನಲ್ಲಿ ಈ ಲೆಕ್ಕವಿತ್ತು: ‘ನಮ್ಮ ಮನೆಯ ಕೋಳಿಗಳು ಕಳೆದ ವಾರ 12 ಮೊಟ್ಟೆ ಇಟ್ಟವು. ಈ ವಾರ 9 ಮೊಟ್ಟೆ ಇಟ್ಟವು. ಎರಡು ವಾರಗಳಲ್ಲಿ ಎಷ್ಟು ಮೊಟ್ಟೆಗಳಾದವು?’ ಹುಡುಗ 12ರ ಕೆಳಗೆ 9 ಬರೆದು, ಪಕ್ಕದಲ್ಲಿ ಕಳೆಯುವ ಗುರುತು ಹಾಕಿ, ಗೆರೆ ಎಳೆದು, 3 ಎಂದು ಉತ್ತರ ಕೊಟ್ಟಿದ್ದ. 12ರಲ್ಲಿ 9 ಹೋದರೆ 3 ನಿಜವೇ. ಪಕ್ಕದಲ್ಲಿ ಕೂತು, ‘ಯಾಕಪ್ಪಾ ಕಳೆದೆ?’ ಎಂದು ಕೇಳಿದೆ. ಅವನು ಪುಸ್ತಕದ ಮೇಲೆ ಬೆರಳಿಟ್ಟು ತೋರಿಸಿದ: ‘ಇಲ್ಲೇ ಐತಲ್ಲ ಸಾರ್, ಕಳೆದ ಅಂತ.’

ಆ ಬೆರಳು ಈಗಲೂ ನನ್ನ ಕಣ್ಣ ಮುಂದಿದೆ. ಹುಡುಗ ದಡ್ಡನಲ್ಲ. ಸೋಮಾರಿಯೂ ಅಲ್ಲ. ಹೇಳಿಕೊಟ್ಟದ್ದನ್ನು ಚಾಚೂ ತಪ್ಪದೆ ಮಾಡಿದ್ದ. ಅವನ ತರಗತಿಯ ಗೋಡೆಯ ಮೇಲೆ ಬಣ್ಣದ ಚಾರ್ಟೊಂದು ತೂಗುತ್ತಿತ್ತು. ‘ಒಟ್ಟು, ಎಲ್ಲಾ ಸೇರಿ, ಹೆಚ್ಚು ಎಂದಿದ್ದರೆ ಕೂಡು. ಉಳಿದ, ಹೋದ, ಕಳೆದ, ಕೊಟ್ಟ, ಕಡಿಮೆ ಎಂದಿದ್ದರೆ ಕಳೆ.’ ನಾನೂ ಮೇಷ್ಟ್ರಾದ ಮೊದಲ ವರ್ಷಗಳಲ್ಲಿ ಇಂಥ ಚಾರ್ಟನ್ನು ಮುತುವರ್ಜಿಯಿಂದ ಬರೆದು ಗೋಡೆಗೆ ಅಂಟಿಸಿದ್ದವನೇ. ಮಕ್ಕಳಿಗೆ ಸುಲಭವಾಗಲಿ ಎಂಬ ಒಳ್ಳೆಯ ಉದ್ದೇಶ ನನ್ನದು. ಆದರೆ ಲೆಕ್ಕವನ್ನು ಓದದೆಯೇ ಬಿಡಿಸುವ ಅಡ್ಡದಾರಿಯನ್ನು ನಾನೇ ತೋರಿಸಿಕೊಟ್ಟಿದ್ದೆ ಎಂದು ಅರ್ಥವಾಗಲು ಹಲವು ವರ್ಷ ಬೇಕಾಯಿತು.

ಕನ್ನಡದಲ್ಲಂತೂ ಈ ಅಡ್ಡದಾರಿ ಹೆಜ್ಜೆಹೆಜ್ಜೆಗೂ ಕೈಕೊಡುತ್ತದೆ. ‘ಕೊಟ್ಟ’ ಎಂಬ ಮಾತನ್ನೇ ನೋಡಿ. ‘ರಾಜುವಿನ ಬಳಿ 8 ಗೋಲಿ ಇದ್ದವು. ತಮ್ಮನಿಗೆ 3 ಗೋಲಿ ಕೊಟ್ಟ.’ ಇಲ್ಲಿ ಕಳೆಯಬೇಕು. ‘ರಾಜುವಿನ ಬಳಿ 8 ಗೋಲಿ ಇದ್ದವು. ತಮ್ಮ 3 ಗೋಲಿ ಕೊಟ್ಟ.’ ಇಲ್ಲಿ ಕೂಡಬೇಕು. ಎರಡರಲ್ಲೂ ಕ್ರಿಯಾಪದ ಒಂದೇ, ಅಂಕಿಗಳೂ ಅವೇ. ಇಡೀ ಲೆಕ್ಕದ ದಿಕ್ಕು ತಿರುಗಿದ್ದು ‘ನಿಗೆ’ ಎಂಬ ಎರಡಕ್ಷರದಲ್ಲಿ, ಚತುರ್ಥಿ ವಿಭಕ್ತಿಯಲ್ಲಿ. ಅಕ್ಷರ ಅಕ್ಷರ ಕೂಡಿಸಿಕೊಂಡು ಓದುವ ಮಗು ಪದದ ಬಾಲವನ್ನು ನುಂಗಿಬಿಡುವುದು ತರಗತಿಯಲ್ಲಿ ದಿನಾ ಕಾಣುವ ಸಂಗತಿ. ‘ತಮ್ಮ’ ಎಂಬಲ್ಲಿಗೆ ಕಣ್ಣು ನಿಲ್ಲುತ್ತದೆ, ‘ನಿಗೆ’ ಜಾರುತ್ತದೆ. ಮಗು ಗಣಿತದಲ್ಲಿ ಹಿಂದೆ ಎಂದು ನಾವು ಷರಾ ಬರೆಯುತ್ತೇವೆ. ಅದು ಎಡವಿದ್ದು ಕನ್ನಡದಲ್ಲಿ.

ಅದಕ್ಕೇ ನನ್ನ ಮೊದಲ ಮಾತು ಇದು. ಮಾತಿನ ಲೆಕ್ಕವನ್ನು ಮೊದಲು ಮಗುವಿಗೆ ಓದಿ ಹೇಳಿ. ಓದಲು ತಡವರಿಸುವ ಮಗು ಮೂರನೇ ವಾಕ್ಯಕ್ಕೆ ಬರುವಷ್ಟರಲ್ಲಿ ಮೊದಲ ವಾಕ್ಯವನ್ನು ಮರೆತಿರುತ್ತದೆ. ಉಳಿಯುವುದು ಎರಡು ಅಂಕಿಗಳು ಮಾತ್ರ. ಎರಡು ಅಂಕಿ ಕೈಗೆ ಸಿಕ್ಕಮೇಲೆ ಏನಾದರೂ ಮಾಡಲೇಬೇಕಲ್ಲ, ಕೂಡುತ್ತದೆ. ಕೂಡಿದ್ದು ತಪ್ಪು ಎಂದರೆ ಮರುಕ್ಷಣವೇ ಕಳೆಯುತ್ತದೆ. ‘ಸಾರ್, ಕೂಡಬೇಕಾ ಕಳೀಬೇಕಾ?’ ಎಂದು ಬೋರ್ಡಿನ ಕಡೆ ನೋಡದೆ ನಮ್ಮ ಮುಖ ನೋಡುವ ಮಕ್ಕಳೆಲ್ಲ ಈ ಸ್ಥಿತಿಯಲ್ಲಿರುವವರೇ.

ಇದು ನಮ್ಮ ಮಕ್ಕಳ ಕಾಯಿಲೆಯಷ್ಟೇ ಅಲ್ಲ. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಗಣಿತ ಶಿಕ್ಷಣದ ಸಂಶೋಧಕರು ಸುಮಾರು 1980ರ ಹೊತ್ತಿಗೆ ಪ್ರಾಥಮಿಕ ಶಾಲೆಯ ಪುಟ್ಟ ಮಕ್ಕಳಿಗೆ ಒಂದು ಲೆಕ್ಕ ಕೊಟ್ಟರು: ‘ಹಡಗಿನಲ್ಲಿ 26 ಕುರಿ, 10 ಮೇಕೆ ಇವೆ. ಕ್ಯಾಪ್ಟನ್ನನ ವಯಸ್ಸೆಷ್ಟು?’ 97 ಮಕ್ಕಳಲ್ಲಿ 76 ಮಕ್ಕಳು ಕೊಟ್ಟ ಅಂಕಿಗಳನ್ನೇ ಬಳಸಿ ವಯಸ್ಸು ಹೇಳಿದರು. ಕುರಿಗೂ ವಯಸ್ಸಿಗೂ ಏನು ಸಂಬಂಧ ಎಂದು ಅವರು ಕೇಳಲಿಲ್ಲ. ಶಾಲೆಯ ಲೆಕ್ಕದಲ್ಲಿ ಅರ್ಥ ಹುಡುಕಬೇಕಾಗಿಲ್ಲ, ಅಂಕಿ ಹೆಕ್ಕಿ ಏನಾದರೊಂದು ಮಾಡಿದರೆ ಸಾಕು ಎಂಬ ಪಾಠವನ್ನು ಅಷ್ಟು ಚಿಕ್ಕ ವಯಸ್ಸಿಗೇ ಅವರು ಕಲಿತಿದ್ದರು. ಯಾರೂ ಬಾಯಿಬಿಟ್ಟು ಹೇಳಿಕೊಡದ ಪಾಠ ಅದು.

ಕೂಡುವುದು, ಕಳೆಯುವುದು ದೊಡ್ಡವರಿಗೆ ಎರಡೇ ಕೆಲಸ. ಮಗುವಿಗೆ ಹಾಗಲ್ಲ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಥಾಮಸ್ ಕಾರ್ಪೆಂಟರ್, ಎಲಿಜಬೆತ್ ಫೆನೆಮಾ ಮತ್ತು ಅವರ ಜೊತೆಗಾರರು 1980ರ ದಶಕದಿಂದ ಪುಟ್ಟ ಮಕ್ಕಳು ಇಂಥ ಲೆಕ್ಕಗಳನ್ನು ಹೇಗೆ ಬಿಡಿಸುತ್ತಾರೆ ಎಂದು ತಾಳ್ಮೆಯಿಂದ ಕೂತು ನೋಡಿದರು. ಅವರು ಕಂಡದ್ದು, ಯಾರೂ ಹೇಳಿಕೊಡದಿದ್ದರೂ ಮಕ್ಕಳು ಕಥೆಯನ್ನು ಕೈಯಲ್ಲೇ ಆಡಿ ನೋಡುತ್ತಾರೆ ಎಂಬುದು. ‘ಬುಟ್ಟಿಯಲ್ಲಿ 8 ಮಾವಿನಕಾಯಿ ಇದ್ದವು, ಅಜ್ಜಿ 5 ಹಾಕಿದರು’ ಎಂದರೆ ಮಗು 8 ಕಲ್ಲು ಇಟ್ಟು, 5 ಕಲ್ಲು ಸೇರಿಸಿ, ಎಣಿಸುತ್ತದೆ. ‘8 ಇದ್ದವು, ಅಜ್ಜಿ ಇನ್ನಷ್ಟು ಹಾಕಿದರು, ಈಗ 13 ಇವೆ, ಎಷ್ಟು ಹಾಕಿದರು?’ ಎಂದರೆ 8 ಇಟ್ಟು, 13 ಆಗುವವರೆಗೆ ಒಂದೊಂದೇ ಕಲ್ಲು ಸೇರಿಸುತ್ತಾ ಹೋಗಿ, ಸೇರಿಸಿದ್ದನ್ನು ಎಣಿಸುತ್ತದೆ. ನಾವಾದರೆ 13ರಲ್ಲಿ 8 ಕಳೆಯುತ್ತೇವೆ. ಮಗುವಿಗೆ ಅಲ್ಲಿ ಕಳೆಯುವಂಥದ್ದೇನೂ ಕಾಣುವುದಿಲ್ಲ, ಏಕೆಂದರೆ ಕಥೆಯಲ್ಲಿ ಯಾರೂ ಏನನ್ನೂ ತೆಗೆದೇ ಇಲ್ಲ. ಅದು ಸೇರಿಸುವ ಕಥೆ, ಮಗು ಸೇರಿಸಿಯೇ ಉತ್ತರ ಕಂಡುಕೊಂಡಿತು. ಅದನ್ನು ತಪ್ಪು ವಿಧಾನ ಎಂದು ಹೊಡೆದುಹಾಕಿ ‘ಕಳೆದು ಬರಿ’ ಎಂದು ಗದರುವುದು ಆಗುತ್ತಿದ್ದ ಕಲಿಕೆಯನ್ನು ಚಿವುಟಿದ ಹಾಗೆ.

ಎಲ್ಲಕ್ಕಿಂತ ಕಷ್ಟದ್ದು ಮೊದಲಿದ್ದದ್ದು ಗೊತ್ತಿಲ್ಲದ ಲೆಕ್ಕ. ‘ಬುಟ್ಟಿಯಲ್ಲಿ ಒಂದಷ್ಟು ಮಾವಿನಕಾಯಿ ಇದ್ದವು. ಅಜ್ಜಿ 5 ಹಾಕಿದರು. ಈಗ 13 ಇವೆ. ಮೊದಲು ಎಷ್ಟಿದ್ದವು?’ ಮಗು ಕಲ್ಲು ಹಿಡಿದು ಸುಮ್ಮನೆ ಕೂರುತ್ತದೆ. ಎಲ್ಲಿಂದ ಶುರುಮಾಡಬೇಕು? ಮೊದಲ ಹಿಡಿಯೇ ಇಲ್ಲ. ಇಲ್ಲಿ ಕಥೆಯನ್ನು ಹಿಂದುಹಿಂದಕ್ಕೆ ನಡೆಸಬೇಕು, ಅಜ್ಜಿ ಹಾಕಿದ್ದನ್ನು ವಾಪಸ್ ತೆಗೆಯಬೇಕು. ನಾನು ಕಂಡ ಉಪಾಯವೆಂದರೆ ನಿಜವಾದ ಬುಟ್ಟಿಗೆ ಬಟ್ಟೆ ಮುಚ್ಚಿ ಇಡುವುದು. ಒಳಗೆ ಎಷ್ಟಿದೆಯೋ ಮಕ್ಕಳಿಗೆ ಗೊತ್ತಿಲ್ಲ. ಒಬ್ಬಳು ಅಜ್ಜಿಯಾಗಿ ಬಂದು 5 ಹುಣಸೆಬೀಜ ಹಾಕುತ್ತಾಳೆ. ಬಟ್ಟೆ ತೆಗೆದು ಎಣಿಸಿದರೆ 13. ‘ಅಜ್ಜಿ ಬರೋಕೆ ಮುಂಚೆ ಎಷ್ಟಿತ್ತು?’ ಎಂದು ಕೇಳಿದಾಗ ಸಾಮಾನ್ಯವಾಗಿ ಒಂದು ಮಗುವಾದರೂ ಎದ್ದುಬಂದು, ‘ಅಜ್ಜಿ ಹಾಕಿದ್ದು ಅಜ್ಜಿಗೇ ಕೊಟ್ಟುಬಿಡೋಣ’ ಎಂದು 5 ಬೀಜ ಎತ್ತಿಡುತ್ತದೆ. ಕೂಡುವುದೂ ಕಳೆಯುವುದೂ ಒಂದರ ಬೆನ್ನಿಗೆ ಇನ್ನೊಂದು ಎಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳಿಕೊಡಲು ನನಗೆ ಬರುವುದಿಲ್ಲ.

ಇನ್ನು ಹೋಲಿಕೆಯ ಲೆಕ್ಕ. ಇಲ್ಲಿ ಏನೂ ಸೇರುವುದಿಲ್ಲ, ಏನೂ ಹೋಗುವುದಿಲ್ಲ. ಎರಡು ಗುಂಪುಗಳು ಪಕ್ಕಪಕ್ಕ ಸುಮ್ಮನೆ ನಿಂತಿರುತ್ತವೆ. ‘8 ಮಕ್ಕಳಿದ್ದಾರೆ, 5 ತಟ್ಟೆಗಳಿವೆ. ತಟ್ಟೆಗಳಿಗಿಂತ ಮಕ್ಕಳು ಎಷ್ಟು ಹೆಚ್ಚು?’ ಒಂದನೇ ತರಗತಿಯ ಮಗು ಕಣ್ಣುಮುಚ್ಚಿ ‘ಎಂಟು’ ಎನ್ನುತ್ತದೆ. ಅದನ್ನೇ ಬಿಸಿಯೂಟದ ಹೊತ್ತಿಗೆ, ‘ಎಲ್ಲರೂ ಒಂದೊಂದು ತಟ್ಟೆ ತಗೊಂಡರೆ ಎಷ್ಟು ಜನಕ್ಕೆ ತಟ್ಟೆ ಸಿಗಲ್ಲ?’ ಎಂದು ಕೇಳಿ ನೋಡಿ. ‘ಮೂರು ಜನಕ್ಕೆ’ ಎಂದು ಥಟ್ಟನೆ ಹೇಳುತ್ತದೆ. ಟಾಮ್ ಹಡ್ಸನ್ ಎಂಬ ಸಂಶೋಧಕ 1983ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನೇ ಮಾಡಿತ್ತು. ಅಲ್ಲಿ ಚಿತ್ರದಲ್ಲಿದ್ದದ್ದು ಹಕ್ಕಿಗಳು ಮತ್ತು ಹುಳುಗಳು. ‘ಹುಳುಗಳಿಗಿಂತ ಹಕ್ಕಿಗಳು ಎಷ್ಟು ಹೆಚ್ಚು?’ ಎಂದು ಕೇಳಿದಾಗ ಒಂದನೇ ತರಗತಿಯ ಮಕ್ಕಳಲ್ಲಿ ಶೇ 64ರಷ್ಟು ಮಂದಿ ಸರಿಯುತ್ತರ ಕೊಟ್ಟರು. ‘ಎಷ್ಟು ಹಕ್ಕಿಗಳಿಗೆ ಹುಳು ಸಿಗುವುದಿಲ್ಲ?’ ಎಂದಾಗ ಎಲ್ಲರೂ ಸರಿಯಾಗಿ ಹೇಳಿದರು. ಇನ್ನೂ ಚಿಕ್ಕ ನರ್ಸರಿ ಮಕ್ಕಳಲ್ಲಿ ಶೇ 17 ಇದ್ದದ್ದು ಶೇ 83ಕ್ಕೆ ಏರಿತು. ಚಿತ್ರವೂ ಅದೇ, ಲೆಕ್ಕವೂ ಅದೇ. ಬದಲಾದದ್ದು ಕೇಳಿದ ಮಾತು ಮಾತ್ರ.

ನಮ್ಮ ‘ಗಿಂತ’ ಕೂಡ ಹೀಗೇ ಮಕ್ಕಳನ್ನು ಕಾಡುವ ಪ್ರತ್ಯಯ. ‘ರಾಜುವಿನ ಬಳಿ 14 ಗೋಲಿ ಇವೆ. ಅವು ಸಲ್ಮಾಳ ಗೋಲಿಗಳಿಗಿಂತ 6 ಹೆಚ್ಚು. ಸಲ್ಮಾಳ ಬಳಿ ಎಷ್ಟಿವೆ?’ ಗೋಡೆಯ ಚಾರ್ಟು ‘ಹೆಚ್ಚು ಎಂದರೆ ಕೂಡು’ ಎನ್ನುತ್ತದೆ, ಮಗು 20 ಎಂದು ಬರೆಯುತ್ತದೆ. ಪೆನ್ಸಿಲ್ ಮುಟ್ಟುವ ಮೊದಲು ಒಂದೇ ಒಂದು ಪ್ರಶ್ನೆ ಕೇಳಿದರೆ ಸಾಕು: ‘ಯಾರ ಹತ್ರ ಜಾಸ್ತಿ ಗೋಲಿ ಐತೆ?’ ‘ರಾಜು ಹತ್ರ.’ ‘ಹಾಗಾದ್ರೆ ಸಲ್ಮಾ ಹತ್ರ 14ಕ್ಕಿಂತ ಜಾಸ್ತಿ ಇರಬೇಕಾ, ಕಡಿಮೆ ಇರಬೇಕಾ?’ ಅಲ್ಲಿಗೆ ಮುಕ್ಕಾಲು ಲೆಕ್ಕ ಮುಗಿಯಿತು. ಅಷ್ಟಾದ ಮೇಲೂ ಗೊಂದಲವಿದ್ದರೆ ಎರಡು ಪಟ್ಟಿ ಎಳೆಯಿರಿ. ರಾಜುವಿನದು ಉದ್ದ, ಸಲ್ಮಾಳದು ಗಿಡ್ಡ, ಉದ್ದದ ಪಟ್ಟಿಯಲ್ಲಿ ಮುಂದೆ ಚಾಚಿಕೊಂಡಿರುವ ತುಂಡೇ ಆ 6. ಸಿಂಗಪುರದ ಶಾಲೆಗಳು 1980ರ ದಶಕದಿಂದ ಈ ಪಟ್ಟಿ ಚಿತ್ರವನ್ನೇ ಮಾತಿನ ಲೆಕ್ಕದ ಬೆನ್ನೆಲುಬಾಗಿ ಮಾಡಿಕೊಂಡಿವೆ. ದುಬಾರಿ ಸಲಕರಣೆ ಏನೂ ಬೇಡ, ನೆಲ ಮತ್ತು ಒಂದು ತುಂಡು ಸೀಮೆಸುಣ್ಣ ಇದ್ದರಾಯಿತು.

ಇಲ್ಲಿಯವರೆಗೆ ಹೇಳಿದ್ದನ್ನು ಓದಿದವರಿಗೆ ಮಾತಿನ ಲೆಕ್ಕ ಮಕ್ಕಳಿಗೆ ಬರೀ ತೊಡಕು ಎನ್ನಿಸಬಹುದು. ಬರೀ ಅಂಕಿಯ ಲೆಕ್ಕ ಸುಲಭ, ಮಾತು ಸೇರಿದರೆ ಕಷ್ಟ ಎಂದೇ ನಾವೆಲ್ಲ ನಂಬಿಕೊಂಡು ಬಂದಿದ್ದೇವೆ. ಪಾಠದ ಜೋಡಣೆಯೂ ಸಾಮಾನ್ಯವಾಗಿ ಹಾಗೇ ಇರುತ್ತದೆ. ಮೊದಲು ಒಂದಂಕಿ, ಎರಡಂಕಿ, ದಶಕ ಪಡೆದು ಕಳೆಯುವುದು, ಎಲ್ಲ ಮುಗಿದ ಮೇಲೆ ಕೊನೆಯ ಪುಟದಲ್ಲಿ ನಾಲ್ಕಾರು ಮಾತಿನ ಲೆಕ್ಕ. ಸಮಯ ಸಿಗದಿದ್ದರೆ ಮೊದಲು ಬಿಟ್ಟುಹೋಗುವುದೂ ಆ ಪುಟವೇ. ನನಗೆ ಈ ನಂಬಿಕೆ ಅಲುಗಾಡಿದ್ದು ಒಂದು ಮಕ್ಕಳ ಸಂತೆಯಲ್ಲಿ.

ನಮ್ಮ ಸರ್ಕಾರಿ ಶಾಲೆಗಳ ಮಕ್ಕಳ ಸಂತೆಯನ್ನು ನೀವು ನೋಡಿರಬಹುದು. ಮಕ್ಕಳು ಮನೆಯಿಂದ ಸೊಪ್ಪು, ಬದನೆಕಾಯಿ, ನಿಂಬೆಹಣ್ಣು, ಕೋಡುಬಳೆ ತಂದು ಮೈದಾನದಲ್ಲಿ ಗೋಣಿಚೀಲ ಹಾಸಿ ಮಾರುತ್ತಾರೆ. ಊರವರು ಬಂದು ಕೊಳ್ಳುತ್ತಾರೆ. ನಾಲ್ಕನೇ ತರಗತಿಯ ಹುಡುಗಿಯೊಬ್ಬಳ ಹತ್ತಿರ 3 ಕಟ್ಟು ಸೊಪ್ಪು, 2 ನಿಂಬೆಹಣ್ಣು ತೆಗೆದುಕೊಂಡೆ. ಕಟ್ಟಿಗೆ 8, ನಿಂಬೆಗೆ 5. ‘ಮೂವತ್ತ್‌ನಾಲ್ಕು ಕೊಡಿ ಸಾರ್’ ಎಂದಳು. 50ರ ನೋಟು ಕೊಟ್ಟೆ. ಮಡಿಲಲ್ಲಿದ್ದ ಡಬ್ಬಿಯಿಂದ ಒಂದು ರೂಪಾಯಿ ತೆಗೆದು ನನ್ನ ಅಂಗೈ ಮೇಲಿಟ್ಟು ‘ಮೂವತ್ತೈದು’ ಎಂದಳು. ಐದರ ನಾಣ್ಯ ಇಟ್ಟು ‘ನಲವತ್ತು’. ಹತ್ತರ ನೋಟು ಇಟ್ಟು ‘ಐವತ್ತು’. ಅಷ್ಟರಲ್ಲಿ ಮುಂದಿನ ಗಿರಾಕಿಯ ಕಡೆ ತಿರುಗಿಯಾಗಿತ್ತು.

ನಾಲ್ಕು ದಿನ ಬಿಟ್ಟು ತರಗತಿಯಲ್ಲಿ ಅದೇ ಹುಡುಗಿ ಸ್ಲೇಟಿನ ಮೇಲೆ 50ರ ಕೆಳಗೆ 34 ಬರೆದು ಕಳೆದಳು. ಉತ್ತರ 24. ‘ಸೊನ್ನೇಲಿ ನಾಲ್ಕು ಹೋಗಲ್ಲ ಸಾರ್, ಅದಕ್ಕೆ ನಾಲ್ಕರಲ್ಲಿ ಸೊನ್ನೆ ಕಳೆದೆ. ಐದರಲ್ಲಿ ಮೂರು ಹೋದ್ರೆ ಎರಡು.’ ಎಷ್ಟೋ ಮಕ್ಕಳು ಮಾಡುವ ತಪ್ಪು ಇದು. ಕೆಳಗಿನ ಅಂಕಿ ದೊಡ್ಡದಿದ್ದರೆ ತಿರುವಿ ಹಾಕಿ ಕಳೆದುಬಿಡುತ್ತಾರೆ. ‘ಮೊನ್ನೆ ಸಂತೇಲಿ 34 ರೂಪಾಯಿಗೆ ನಾನು 50 ಕೊಟ್ಟಾಗ ನಂಗೆ ಎಷ್ಟು ವಾಪಸ್ ಕೊಟ್ಟೆ ಪುಟ್ಟಿ?’ ಎಂದೆ. ಬೆರಳು ಮಡಚಿ ‘ಹದಿನಾರು’ ಎಂದಳು. ಸ್ಲೇಟು ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, ‘ಅದು ದುಡ್ಡು ಸಾರ್, ಇದು ಲೆಕ್ಕ’ ಎಂದಳು.

ಬ್ರೆಜಿಲ್‌ನ ರೆಸಿಫೆ ನಗರದಲ್ಲಿ ತೆರೆಜಿನ್ಹಾ ಕರಾಹೆರ್ ಮತ್ತು ಜೊತೆಗಾರರು 1985ರಲ್ಲಿ ಪ್ರಕಟಿಸಿದ ಅಧ್ಯಯನ ಇಂಥದ್ದೇ ಮಕ್ಕಳದು. ಬೀದಿಯಲ್ಲಿ ಎಳನೀರು, ಹಣ್ಣು ಮಾರುತ್ತಿದ್ದ 9ರಿಂದ 15 ವರ್ಷದ ಐವರು ಮಕ್ಕಳು. ಬೀದಿಯಲ್ಲಿ ವ್ಯಾಪಾರದ ನಡುವೆ ಕೇಳಿದ ಲೆಕ್ಕಗಳಲ್ಲಿ ಶೇ 98ರಷ್ಟು ಸರಿ. ಅದೇ ಲೆಕ್ಕಗಳನ್ನು ಬರೀ ಅಂಕಿಯಲ್ಲಿ ಬರೆದು ಕೊಟ್ಟಾಗ ಸರಿಯಾದದ್ದು ಶೇ 37. ನನ್ನ ಗಮನ ಸೆಳೆದದ್ದು ನಡುವಿನ ಅಂಕಿ. ಮಾತಿನ ಲೆಕ್ಕವಾಗಿ ಕೊಟ್ಟಾಗ ಸರಿಯಾದದ್ದು ಶೇ 74! ಆ ಮಕ್ಕಳಿಗೆ ಮಾತು ತೊಡಕಾಗಿರಲಿಲ್ಲ, ಆಸರೆಯಾಗಿತ್ತು. ಮಕ್ಕಳು ಐವರೇ, ನಿಜ. ಆದರೆ ನಮ್ಮ ದೇಶದಲ್ಲೇ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮೊದಲಾದವರು ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ 1,436 ಮಕ್ಕಳನ್ನು ನೋಡಿ ಬರೆದ ಪ್ರಬಂಧ 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ವ್ಯಾಪಾರದಲ್ಲಿ ಕಾಗದ ಪೆನ್ನಿಲ್ಲದೆ ಲೆಕ್ಕ ಹಾಕುವ ಮಕ್ಕಳಿಗೆ ಪಠ್ಯದ ರೀತಿಯ ಲೆಕ್ಕ ಬರಲಿಲ್ಲ. ಸಂತೆ ಕಾಣದ ಶಾಲಾ ಮಕ್ಕಳಿಗೆ ಪಠ್ಯದ ಲೆಕ್ಕ ಬರುತ್ತಿತ್ತು, ವ್ಯಾಪಾರದ ಲೆಕ್ಕದಲ್ಲಿ ಎಡವಿದರು. ನನ್ನ ಹುಡುಗಿ ಒಂದೇ ವಾಕ್ಯದಲ್ಲಿ ಹೇಳಿದ್ದೂ ಅದನ್ನೇ. ದುಡ್ಡು ಒಂದು ದಡ, ಲೆಕ್ಕ ಇನ್ನೊಂದು ದಡ. ನಡುವೆ ಸೇತುವೆ ಕಟ್ಟಬೇಕಾದ ಮಾತಿನ ಲೆಕ್ಕವನ್ನು ನಾವು ಕೊನೆಯ ಪುಟಕ್ಕೆ ತಳ್ಳಿದ್ದೇವೆ.

ಆದ್ದರಿಂದ ಪಾಠ ಮಾತಿನ ಲೆಕ್ಕದಿಂದಲೇ ಶುರುವಾಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಮೊದಲು ಕಥೆ ಹೇಳಬೇಕು. ಮಕ್ಕಳು ಕಲ್ಲಿನಲ್ಲೋ ಬೀಜದಲ್ಲೋ ಬೆರಳಿನಲ್ಲೋ ಆಡಿ ನೋಡಲಿ, ಚಿತ್ರ ಬರೆಯಲಿ. ಕೂಡುವ ಕಳೆಯುವ ಗುರುತು ಆ ಕಥೆಯನ್ನು ಚಿಕ್ಕದಾಗಿ ಬರೆದಿಡುವ ರೀತಿಯಾಗಿ ಆಮೇಲೆ ಬರಲಿ. ನಮ್ಮಲ್ಲಿ ಲೆಕ್ಕ ಹುಟ್ಟಿ ಬೆಳೆದದ್ದೂ ಹೀಗೆಯೇ. ಒಂಬತ್ತನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯರ ‘ಗಣಿತಸಾರಸಂಗ್ರಹ’ದ ತುಂಬ ಹಣ್ಣು, ಹೂವು, ದುಂಬಿ, ವ್ಯಾಪಾರಿಗಳ ಕಥೆಗಳಿವೆ. ಹನ್ನೆರಡನೇ ಶತಮಾನದ ರಾಜಾದಿತ್ಯ ಕನ್ನಡದಲ್ಲಿ ಗಣಿತ ಬರೆದಾಗ ಅದಕ್ಕಿಟ್ಟ ಹೆಸರು ‘ವ್ಯವಹಾರಗಣಿತ’.

ತರಗತಿಯಲ್ಲಿ ಹೀಗೆ ಶುರುಮಾಡಬಹುದು. ಅಂಕಿಯೇ ಇಲ್ಲದ ಲೆಕ್ಕ ಹೇಳಿ: ‘ಬಸ್ಸಿನಲ್ಲಿ ಒಂದಷ್ಟು ಜನ ಇದ್ದರು. ಸಿರಾದಲ್ಲಿ ಕೆಲವರು ಇಳಿದರು. ಆಮೇಲೆ ಇನ್ನಷ್ಟು ಜನ ಹತ್ತಿದರು.’ ಈಗ ಕೇಳಿ, ಏನಾಯಿತು? ಬಸ್ಸಿನಲ್ಲಿ ಜನ ಹೆಚ್ಚಾದರೋ ಕಡಿಮೆಯಾದರೋ? ‘ಹೇಳೋಕಾಗಲ್ಲ ಸಾರ್, ಎಷ್ಟು ಜನ ಇಳಿದ್ರು, ಎಷ್ಟು ಜನ ಹತ್ತಿದ್ರು ಗೊತ್ತಿಲ್ಲವಲ್ಲ’ ಎಂದು ಮಗುವೇ ಅಂಕಿ ಕೇಳುವ ಹಾಗಾಗಬೇಕು. ಹೆಕ್ಕಲು ಅಂಕಿಯೇ ಇಲ್ಲದಾಗ ಮಗುವಿಗೆ ಕಥೆ ಕೇಳುವುದು ಬಿಟ್ಟು ಬೇರೆ ದಾರಿಯಿರುವುದಿಲ್ಲ. ಇದನ್ನು ಒಂದು ವಾರ ಮಾಡಿದ ತರಗತಿಗಳಲ್ಲಿ ‘ಕೂಡಬೇಕಾ ಕಳೀಬೇಕಾ’ ಎಂಬ ಪ್ರಶ್ನೆ ಕಡಿಮೆಯಾದದ್ದನ್ನು ನಾನೇ ಕಂಡಿದ್ದೇನೆ.

ಭಾಷೆಯ ವಿಷಯದಲ್ಲಿ ಇನ್ನೂ ಒಂದು ಮಾತಿದೆ. ‘ಖರೀದಿಸಿದನು’, ‘ವಿತರಿಸಲಾಯಿತು’, ‘ಮೊತ್ತ’, ‘ಶೇಷ’ ಮುಂತಾದವು ಮಗುವಿನ ಮನೆಯಲ್ಲಿ ಓಡಾಡುವ ಮಾತುಗಳಲ್ಲ. ತಂದ, ಹಂಚಿದ, ಒಟ್ಟು, ಮಿಕ್ಕಿದ್ದು ಎಂದರೆ ಲೆಕ್ಕದ ಘನತೆಗೇನೂ ಕುಂದಿಲ್ಲ. ಮನೆಯಲ್ಲಿ ತೆಲುಗು, ಉರ್ದು, ಲಂಬಾಣಿ, ತುಳು ಆಡುವ ಮಕ್ಕಳಿದ್ದರೆ ಕಥೆಯನ್ನು ಅವರ ಮಾತಿನಲ್ಲೇ ಪಕ್ಕದವನಿಗೆ ಹೇಳಲಿ, ಆಮೇಲೆ ಕನ್ನಡಕ್ಕೆ ಬರಲಿ. ಪುಸ್ತಕದ ಮಾತನ್ನು ಕಲಿಸಲೇಬೇಕು, ಆದರೆ ಮೊದಲ ಭೇಟಿಯಲ್ಲೇ ಹೊಸ ಲೆಕ್ಕವನ್ನೂ ಹೊಸ ಮಾತನ್ನೂ ಒಟ್ಟಿಗೆ ಹೊರಿಸಬಾರದು.

ಮಕ್ಕಳಿಂದಲೇ ಲೆಕ್ಕ ಕಟ್ಟಿಸುವುದನ್ನು ಮರೆಯಬೇಡಿ. ಬೋರ್ಡಿನ ಮೇಲೆ ‘15 − 7’ ಎಂದಷ್ಟೇ ಬರೆದು, ಇದಕ್ಕೊಂದು ಕಥೆ ಹೇಳಿ ಎನ್ನಿ. ಒಬ್ಬ ಹುಡುಗ, ‘ನಮ್ಮತ್ರ 15 ಕುರಿ ಇದ್ವು, 7 ಮಾರಿದ್ವಿ’ ಎಂದ. ಕುರಿ ಮಾರಿದ ದುಡ್ಡಿನಲ್ಲಿ ಅಕ್ಕನ ಮದುವೆಯಾಯಿತು ಎಂದೂ ಸೇರಿಸಿದ. ಅವನ ಹಿಂದೆ ಕೂತಿದ್ದ ಹುಡುಗಿ, ‘ನಂಗೆ 7 ವರ್ಷ, ಅಣ್ಣಂಗೆ 15. ಅವನಷ್ಟಾಗೋಕೆ ಇನ್ನೆಷ್ಟು ವರ್ಷ ಬೇಕು?’ ಎಂದಳು. ಕಳೆಯುವುದರ ಎರಡು ಬೇರೆಬೇರೆ ಅರ್ಥಗಳು ಅಕ್ಕಪಕ್ಕದ ಸಾಲಿನಿಂದ ಎದ್ದುಬಂದವು. ಯಾವ ಮಗುವಿಗೆ ಏನು ಅರ್ಥವಾಗಿದೆ ಎಂದು ತಿಳಿಯಲು ನನಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಸಿಕ್ಕಿಲ್ಲ.

ಮನೆಯಲ್ಲಿ ಮಕ್ಕಳನ್ನು ಓದಿಸಲು ಕೂರುವ ಅಪ್ಪ ಅಮ್ಮಂದಿರಿಗೂ, ಅಜ್ಜ ಅಜ್ಜಿಯರಿಗೂ ಒಂದು ಕೋರಿಕೆ. ಲೆಕ್ಕ ತಪ್ಪಾದಾಗ ‘ಕೂಡೋದಲ್ಲ, ಕಳೆ’ ಎಂದು ಹೇಳಿಬಿಡಬೇಡಿ. ಪುಸ್ತಕ ಮುಚ್ಚಿ, ‘ಏನು ನಡೀತು ಹೇಳು’ ಎಂದು ಕೇಳಿ. ಮಗು ಕಥೆ ಹೇಳಲಿ. ತಪ್ಪಿದ್ದರೆ ಹೆಚ್ಚಿನಂಶ ಅಲ್ಲೇ ಅದಕ್ಕೇ ಗೊತ್ತಾಗುತ್ತದೆ. ಇನ್ನು ನನ್ನ ಸಹೋದ್ಯೋಗಿಗಳಿಗೆ ಹೇಳುವುದಿಷ್ಟು. ಮುಂದಿನ ಸಲ ನಿಮ್ಮ ಶಾಲೆಯಲ್ಲಿ ಮಕ್ಕಳ ಸಂತೆ ನಡೆದಾಗ ಅದನ್ನು ಫೋಟೊ ತೆಗೆದು ಮುಗಿಸಬೇಡಿ. ಮರುದಿನ ಗಣಿತದ ಅವಧಿಯಲ್ಲಿ ಪ್ರತಿ ಮಗುವೂ ತಾನು ಮಾಡಿದ ಒಂದು ವ್ಯಾಪಾರವನ್ನು ತನ್ನದೇ ಮಾತಿನಲ್ಲಿ ಲೆಕ್ಕವಾಗಿ ಬರೆಯಲಿ, ಪಕ್ಕದ ಮಗು ಬಿಡಿಸಲಿ. ಗೋಡೆಯ ಮೇಲಿನ ‘ಒಟ್ಟು ಎಂದರೆ ಕೂಡು’ ಚಾರ್ಟನ್ನು ದಯವಿಟ್ಟು ಇಳಿಸಿ, ಆ ಜಾಗದಲ್ಲಿ ಮಕ್ಕಳು ಬರೆದ ಆ ಹಾಳೆಗಳನ್ನು ಅಂಟಿಸಿ.